ಕ್ಯಾನಿಗೆ ಬೆರೆಸಿದ ನೀರು

ಜಯನಗರ, ನಾಲ್ಕನೇ ಟಿ ಬ್ಲಾಕ್
ಗುರುವಾರ ಮಧ್ಯಾಹ್ನ

ಚಿ. ಸೌ. ರೇಖಾಳಿಗೆ,

ಮೊದಲು ಮಾತ್ರೆ ನುಂಗು, ಆಮೇಲೆ ಇದನ್ನು ಓದು. ಇವತ್ತು ಬೆಳಿಗ್ಗೆ ನಿನ್ನ ಡಾಕ್ಟರು ಕೋಣನಕುಂಟೆಗೆ, ನಿನ್ನ ತವರಿಗೇ ಫೋನ್ ಮಾಡಿ, ಕಡಿಮೆ ಮಾಡಿದ್ದ ಮಾತ್ರೆಯನ್ನು ಮತ್ತೆ ಹಿಂದಿನಷ್ಟೇ ತೆಗೆದುಕೊಳ್ಳಲು ಹೇಳಿದ್ದಾರೆ. ಯಾಕೆಂದು ನಿನಗೆ ಗೊತ್ತಿಲ್ಲ. ಅದನ್ನು ನಾನೇ ತಿಳಿಸುತ್ತೇನೆಂದು ಅವರನ್ನು ಬೇಡಿಕೊಂಡೆ. ಎದುರಿಗೆ ನಿಂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಕಾಗದ. ಈ ಮನೆಯಲ್ಲಿ ತಪ್ಪು ಹುಡುಕಿ ನನಗೆ ಅಭ್ಯಾಸ, ಒಪ್ಪಿಕೊಂಡು ಅಭ್ಯಾಸವಿಲ್ಲ.

ನಿನ್ನ ಮಾವನವರ ಶ್ರಾದ್ಧದ ಹಿಂದಿನ ದಿನ ಲ್ಯಾಬಿನವರು ಕೊಟ್ಟ ಬಿಳಿ ಕ್ಯಾನನ್ನು ನೀನು ಹಿತ್ತಲ ಬಚ್ಚಲಲ್ಲಿ ಇಟ್ಟೆ. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಹನಿಯೂ ಬಿಡದೆ ಅದರಲ್ಲಿ ಹಿಡಿಯಬೇಕಿತ್ತು. "ವರ್ಷಕ್ಕೊಂದ್ಸಲ ಬರೋ ತಿಥಿಗೇ ಇದೂ ವಕ್ಕರಿಸ್ಬೇಕಿತ್ತಾ?" ಎಂದು ನಾನು ಕೇಳಿದೆ. "ಕಿಡ್ನಿಗೆ ಪಂಚಾಂಗ ಗೊತ್ತಾಗಲ್ಲ ಅತ್ತೆ," ಎಂದೆ ನೀನು. ನೀನೇನೋ ನಗುತ್ತಲೇ ಹೇಳಿದ್ದು, ನನಗೆ ಮೈ ಉರಿಯಿತು.

ಮರುದಿನ ಬೆಳಿಗ್ಗೆ ನೀನು ಮಹಡಿಯ ಮೇಲೆ ಸ್ನಾನಕ್ಕೆ ಹೋಗಿದ್ದೆ. ಪುರೋಹಿತರು ಕಾಲು ತೊಳೆಯಲು ಹಿತ್ತಲಿಗೇ ಬರುತ್ತಾರಲ್ಲ, ಅವರ ಕಣ್ಣಿಗೆ ಅದು ಬೀಳುವುದು ಬೇಡವೆಂದು ಕ್ಯಾನನ್ನು ಮೂಲೆಗೆ ಸರಿಸಲು ಹೋದೆ. ಮುಟ್ಟಲು ಹೇಸಿ ಎರಡೇ ಬೆರಳಲ್ಲಿ ಎತ್ತಿದೆ. ಮುಚ್ಚಳ ಸಡಿಲವಿತ್ತು. ಕೈಜಾರಿ ಅರ್ಧಕ್ಕರ್ಧ ಬಚ್ಚಲ ತೂಬಿಗೆ ಹೋಯಿತು.

ನಿನ್ನನ್ನು ಕೂಗಿ ಕರೆಯಬಹುದಿತ್ತು. ಹಿಂದಿನ ದಿನ ಅಷ್ಟು ಮಾತಾಡಿದವಳು ಯಾವ ಮುಖ ಹೊತ್ತು ಕರೆಯಲಿ? ಕ್ಯಾನಿನ ಮೇಲೆ ಗೆರೆಗಳಿದ್ದವು. ಮೊದಲು ಎಲ್ಲಿಯವರೆಗೆ ಇತ್ತೆಂದು ನೋಡಿದ್ದೆ. ನಲ್ಲಿ ತಿರುಗಿಸಿ ಅಲ್ಲಿಯವರೆಗೆ ನೀರು ತುಂಬಿಸಿ ಮುಚ್ಚಳ ಬಿಗಿದೆ. ನೀರಿಗೆ ನೀರು ಸೇರಿದರೆ ಏನು ಮಹಾ ಎಂದುಕೊಂಡೆ. ಹಿಂದೆ ನಮಗೆ ಹಾಲು ಹಾಕುತ್ತಿದ್ದ ಗೂಳಪ್ಪ ನೀರು ಬೆರೆಸಿದನೆಂದು, ಅವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಇಡೀ ವಠಾರ ಕೇಳುವಂತೆ ಬೈದವಳು ನಾನು, ರೇಖಾ.

ನಾಲ್ಕು ದಿನಕ್ಕೆ ನೀನು ರಿಪೋರ್ಟ್ ಹಿಡಿದು ಬಂದೆ. "ಪ್ರೋಟೀನ್ ಸೋರೋದು ಅರ್ಧ ಆಗಿದೆ ಅತ್ತೆ, ಮಾತ್ರೆ ಕಮ್ಮಿ ಮಾಡಿದ್ರು!" ಎಂದು ಹೇಳಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಾನೂ ಕೈಮುಗಿದೆ. ಆದರೆ ಇದು ದೇವರು ವಾಸಿ ಮಾಡಿದ ಅರ್ಧವೋ, ನಾನು ಚೆಲ್ಲಿದ ಅರ್ಧವೋ?

ಭಾನುವಾರ ತವರಿಗೆ ಹೊರಟವಳು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿಯನ್ನು ಎಳೆದೆಳೆದು ಸೋತೆ. ಕಾಲುಂಗುರ ಬೆರಳೊಳಗೆ ಹೂತುಹೋಗಿತ್ತು. "ಬಿಸಿಲಿಗೆ ಬಾತಿದೆ ಬಿಡಿ," ಎಂದು ಹೊರಟುಬಿಟ್ಟೆ. ಬಿಸಿಲಿಗಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಆಮೇಲೂ ಮೂರು ದಿನ ಸುಮ್ಮನಿದ್ದೆನಲ್ಲ, ಚೆಲ್ಲಿದ್ದಕ್ಕಿಂತ ದೊಡ್ಡ ತಪ್ಪು ಅದು.

ಇವತ್ತು ಆಟೋ ಹಿಡಿದು ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಎಲ್ಲ ಹೇಳಿದೆ. ಆ ಹೆಂಗಸು ಪೆನ್ನು ಕೆಳಗಿಟ್ಟು, "ಎಷ್ಟು ಓದಿದೀರಮ್ಮಾ?" ಎಂದರು. "ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸು," ಎಂದೆ. "ಹಾಗಾದ್ರೆ ಅರ್ಥ ಆಗುತ್ತೆ, ಕೂತ್ಕೊಳ್ಳಿ," ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.

ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಂತೆ. ಎರಡೂ ಸೇರಿ ದಿನಕ್ಕೆ ನೂರೆಂಬತ್ತು ಲೀಟರಿನಷ್ಟನ್ನು ರಕ್ತದಿಂದ ಸೋಸಿ ಇಳಿಸುತ್ತವಂತೆ. ಹೊರಗೆ ಹೋಗುವುದು ಒಂದೂವರೆ ಎರಡು ಲೀಟರು ಮಾತ್ರ. ಮಿಕ್ಕಿದ್ದು? ಗೌರಿ ಹಬ್ಬಕ್ಕೆ ಮುಂಚೆ ನಾನು ಅಟ್ಟ ತೆಗೆಯುವುದನ್ನು ನೋಡಿದ್ದೀಯಲ್ಲ. ಕಸವನ್ನು ಹುಡುಕಿ ಹುಡುಕಿ ಎಸೆಯುವುದಿಲ್ಲ. ಎಲ್ಲವನ್ನೂ ಕೆಳಗಿಳಿಸಿ, ಬೇಕಾದ್ದನ್ನು ಒಂದೊಂದಾಗಿ ಮತ್ತೆ ಮೇಲಿಡುತ್ತೇನೆ. ನೆಲದ ಮೇಲೆ ಉಳಿದದ್ದು ಕಸ. ಕಿಡ್ನಿಯ ಕ್ರಮವೂ ಅದೇ. ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ಇಳಿಸಿ, ಮೈಗೆ ಬೇಕಾದಷ್ಟನ್ನು ರಕ್ತಕ್ಕೆ ಹಿಂದಿರುಗಿಸುತ್ತದೆ. ಉಳಿದದ್ದು ಮೂತ್ರ. ಪ್ರೋಟೀನ್ ಮಾತ್ರ ಅಟ್ಟದ ಮೇಲಿನ ದೊಡ್ಡ ಹಂಡೆಯಂತೆ, ಕೆಳಗಿಳಿಯುವ ಸಾಮಾನೇ ಅಲ್ಲ. ಜರಡಿ ಹರಿದರೆ ಜಾರುತ್ತದೆ. ನಿನಗೆ ಜಾರುತ್ತಿದೆ, ಮೂತ್ರದಲ್ಲಿ ನೊರೆ ಬರುವುದೂ ಕಾಲು ಬಾಯುವುದೂ ಅದಕ್ಕೇ ಅಂತೆ. ಎಷ್ಟು ಜಾರುತ್ತಿದೆ ಎಂದು ಹೇಳುವ ಸಾಕ್ಷಿ ಆ ಕ್ಯಾನೊಂದೇ. ಅದರಿಂದಲೇ ನಾನು ಸುಳ್ಳು ಹೇಳಿಸಿದೆ.

"ಜಾಸ್ತಿ ಕೆಟ್ಟಿದೆಯಾ?" ಎಂದು ಕೇಳಿದೆ. "ಇನ್ನೊಂದ್ಸಲ ನೋಡ್ದೆ ನಾನು ಹೇಗಮ್ಮ ಹೇಳ್ಲಿ?" ಎಂದರು. ಅಲ್ಲಿಂದ ಇಲ್ಲಿಯವರೆಗೆ ಅದೊಂದೇ ಮಾತು ಕಿವಿಯಲ್ಲಿದೆ. ಕುಕ್ಕರ್ ಎಷ್ಟು ಸಲ ಕೂಗಿತೆಂದೂ ತಿಳಿಯಲಿಲ್ಲ.

ಈ ಕಾಗದದ ಜೊತೆ ಹೊಸ ಕ್ಯಾನನ್ನೂ ಪ್ರಸಾದನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಗಂಡನಾದರೂ ಅವನಿಗೆ ನಾನು ಏನೂ ಹೇಳಿಲ್ಲ. ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು, ಹೇಳಿದರೆ ನಾನು ತಲೆತಗ್ಗಿಸಿ ಕೇಳುತ್ತೇನೆ. ನಾಳೆ ಇಬ್ಬರೂ ಲ್ಯಾಬಿಗೆ ಹೋಗಿ ಪರೀಕ್ಷೆಗೆ ನಿನ್ನ ರಕ್ತ ಕೊಟ್ಟು ಮನೆಗೆ ಬನ್ನಿ. ಶನಿವಾರ ಬೆಳಿಗ್ಗೆಯಿಂದ ಕ್ಯಾನಿಗೆ ಹಿಡಿಯಬೇಕು. ಅವತ್ತು ಏಕಾದಶಿ. ಇರಲಿ. ಹಿತ್ತಲ ಬಚ್ಚಲು ಬೇಡ, ನನ್ನ ಕೋಣೆಯ ಬಚ್ಚಲಲ್ಲಿ ಇಡು. ಬಾಗಿಲಿಗೆ ಕುರ್ಚಿ ಹಾಕಿಕೊಂಡು ನಾನು ಕೂರುತ್ತೇನೆ. ಪ್ರತಿ ಸಲ ಮುಚ್ಚಳ ಬಿಗಿಯುವುದು ನನ್ನ ಕೆಲಸ, ಎರಡೂ ಕೈಯಿಂದ.

ಕಾಗದವನ್ನು ತಿರುಗಿಸಿ ನೋಡಬೇಡ. ಕ್ಷಮಿಸು ಎಂದು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಹಿಂದೆ ಅಚ್ಚು ಮೂಡಿದೆ.

ಹಬ್ಬಹುಣ್ಣಿಮೆಗೆ ನೀನು ಕಾಲಿಗೆ ಬಿದ್ದಾಗಲೆಲ್ಲ ದೀರ್ಘಸುಮಂಗಲಿಯಾಗು ಎಂದಿದ್ದೇನೆ. ಯೋಚಿಸಿದರೆ ಅದು ಪ್ರಸಾದನ ಆಯುಸ್ಸಿಗೆ ಕೊಟ್ಟ ಆಶೀರ್ವಾದ. ನಿನಗೆಂದೇ ನಾನು ಏನೂ ಹರಸಿಲ್ಲ. ಇವತ್ತು ಹರಸುತ್ತೇನೆ. ನಿನ್ನ ಕಾಲಿನ ಬಾವು ಇಳಿಯಲಿ. ದಿನವೂ ನೊರೆಯಿಲ್ಲದೆ, ತಿಳಿಯಾಗಿ, ಸಲೀಸಾಗಿ ನಿನಗೆ ಮೂತ್ರವಾಗಲಿ. ನೂರು ವರ್ಷ ಆಗುತ್ತಿರಲಿ.

ಬಾಗಿಲಲ್ಲಿ ಕಾದಿರುವ ನಿನ್ನ ಅತ್ತೆ,
ಕಮಲಾಕ್ಷಮ್ಮ