ಐಸ್ ಪೆಟ್ಟಿಗೆಯ ಮೀನು

ಮಲ್ಪೆ ಬಂದರು

ಅಕ್ಕಾ,

ಬೋಟಿನಾಗೆ ಆಗ್ತಿದ್ದ ವಾಂತಿ ನಿಂತೈತೆ, ಅವ್ವಗೆ ಹೇಳು. ಮೊನ್ನೆ ನಡು ಸಮುದ್ರದಾಗೆ ಬಂಗುಡೆ ಮೀನಿನ ತುಂಡು ಚುಚ್ಚಿದ ನನ್ನ ಗಾಳಕ್ಕೆ ಮಾಹಿ ಮಾಹಿ ಅನ್ನೋ ಮೀನು ಬಿತ್ತು. ಮೈಯೆಲ್ಲ ಹಸಿರು, ಬಂಗಾರ! ಆಮ್ಯಾಲೆ ಐಸ್ ಪೆಟ್ಟಿಗೆ ತೆಗೆದ್ರೆ ಬೂದಿ ಬಣ್ಣದ ಮೀನು. ಬೋಟಿನ ಯಜಮಾನ ಸದಾನಂದಣ್ಣನೇ ಬದಲಾಯಿಸ್ಯಾನೆ ಅಂತ ಅನುಮಾನ ಬಂದು ಕೇಳೇಬಿಟ್ಟೆ. "ಸತ್ತ ಮೇಲೆ ಬಣ್ಣ ಹೋಗ್ತದೆ ಮಾರಾಯ" ಅಂದ. ನಾನು ನಂಬಲಿಲ್ಲ. ನಿನ್ನೆ ಮತ್ತೆ ಸಿಕ್ಕ ಅಂಥದ್ದೇ ಮೀನಿಗೆ, ನಮ್ಮ ಜಗಳೂರಿನಾಗೆ ಗುರುತಿಗೆ ಕುರಿಮರಿ ಕಿವಿಗೆ ಹಾಕೋ ಹಂಗೆ, ಬಾಲಕ್ಕೆ ಕಚ್ಚು ಹಾಕಿ, ಯಾರೂ ಮುಟ್ಟದಂಗೆ ಪೆಟ್ಟಿಗೆ ಮ್ಯಾಲೇ ಕುಂತೆ. ತೆಗೆದು ನೋಡಿದ್ರೆ ಕಚ್ಚು ಐತೆ, ಬಂಗಾರ ಇಲ್ಲ. ಊಟದಾಗೆ ಸದಾನಂದಣ್ಣ ನನ್ನ ತಟ್ಟೆಗೇ ಆ ಮೀನಿನ ದೊಡ್ಡ ತುಂಡು ಹಾಕಿದ. ತಲೆ ತಗ್ಗಿಸಿ ಉಂಡೆ.

ಬೋಟು ಹೊಂಟೈತೆ, ಕರೀತಾವ್ರೆ.

ನಿನ್ನ ತಮ್ಮ
ತಿಮ್ಮೇಶ