ಕೆನ್ನೆಗೆ ಹಚ್ಚಿದ ಬಣ್ಣ

ಭಾನುವಾರ, ಬೆಳಿಗ್ಗೆ

ನನ್ನ ಮುಂಗೋಪಿ ಮಗಳೇ,

ನಿನ್ನ ಕಾಗದ, ಅದರ ಜೊತೆಗಿಟ್ಟ ಫೋಟೋ ಎರಡೂ ಕೈಸೇರಿದವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಏನು ಹೇಳಿದರು ಎಂದು ನಾನು ಕೇಳಿದ್ದೆ. ‘ಎಲ್ಲ ಸರಿಯಾಗಿದೆ, ಬರೀ ಸುಸ್ತು’ ಎಂದು ಒಂದೇ ಸಾಲು ಗೀಚಿ, ಕಾಯಿಲೆಯ ಕಥೆಯಿರುವ ಎರಡು ಸಿನಿಮಾಗಳ ಬಗ್ಗೆ ಪುಟಗಟ್ಟಲೆ ಬರೆದು, ಯಾವುದು ಮೇಲು ಎಂದು ನನ್ನನ್ನೇ ಕೇಳಿದ್ದೀಯ. ಮಾತು ಮರೆಸುವುದರಲ್ಲಿ ನೀನು ಥೇಟ್ ಅಪ್ಪನ ಮಗಳು. ಇರಲಿ, ಎರಡನ್ನೂ ನೋಡಿ ಬಂದೆ.

ಮೊದಲನೆಯದು ಹಾಡುಗಾರ್ತಿಯ ಕಥೆ. ಜೀವಮಾನವಿಡೀ ನಟಿಯರಿಗೆ ಮೇಕಪ್ ಮಾಡಿದ ನನಗೆ ಮೋಸ ಮಾಡುವುದು ಕಷ್ಟ. ಆ ಹಾಡುಗಾರ್ತಿಯ ಕಣ್ಣಿನ ಕೆಳಗಿನ ಕಪ್ಪು ಸ್ಪಂಜಿನಲ್ಲಿ ಒತ್ತಿದ್ದು ಎಂದು ಹಿಂದಿನ ಸಾಲಿನಿಂದಲೇ ಗೊತ್ತಾಯಿತು. ಸಾಯುವ ದಿನವೂ ರೆಪ್ಪೆಗೂದಲು ಬಾಚಿಟ್ಟ ಹಾಗಿತ್ತು. ಆದರೂ ಬೈಯಲಾರೆ. ದನಿ ಹೋದ ಮೇಲೆ ಕನ್ನಡಿಯ ಮುಂದೆ ಬರೀ ತುಟಿ ಆಡಿಸಿ ಹಾಡುತ್ತಾಳಲ್ಲ, ಅಲ್ಲಿ ನನ್ನ ಕರವಸ್ತ್ರ ಒದ್ದೆಯಾಯಿತು. ಪಕ್ಕದ ಸೀಟಿನ ಅಜ್ಜಿ ನನಗಿಂತ ಜೋರಾಗಿ ಅಳುತ್ತಿದ್ದರು, ಅವರನ್ನು ನೋಡಿ ನಗುವೂ ಬಂತು.

ಎರಡನೆಯದು, ಬಸ್ ಓಡಿಸುವ ಹೆಂಗಸಿನದು, ಬೇರೆಯೇ ತೂಕದ್ದು. ಅವಳು ಹಾಸಿಗೆ ಹಿಡಿಯುವುದೇ ಇಲ್ಲ. ಬಸ್ಸಿನ ಕನ್ನಡಿ ಸರಿಪಡಿಸಲು ಕೈ ಎತ್ತುತ್ತಾಳೆ, ಕೈಗಡಿಯಾರ ಮೊಣಕೈಯವರೆಗೆ ಜಾರುತ್ತದೆ. ಎಷ್ಟು ಸೊರಗಿದ್ದಾಳೆಂದು ಅಷ್ಟರಲ್ಲೇ ತಿಳಿಯಿತು. ಅಮ್ಮ ಬರುತ್ತಾಳೆಂದು ಅವಸರದಲ್ಲಿ ಅವಳು ಕೆನ್ನೆಗೆ ಬಣ್ಣ ಹಚ್ಚಿಕೊಳ್ಳುವ ದೃಶ್ಯ ನಿನಗೆ ತುಂಬ ಹಿಡಿಸಿತು ಎಂದಿದ್ದೀಯ. ನನಗೂ ಹಿಡಿಸಿತು. ಒಂದು ಕೆನ್ನೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಅಂಚು ತೀಡಿಲ್ಲ. ಅಭ್ಯಾಸವಿಲ್ಲದವರು ಹಚ್ಚಿಕೊಳ್ಳುವುದೇ ಹಾಗೆ. ಬೇಕೆಂದೇ ಹಾಗೆ ಕೆಡಿಸಲು ಕೈ ಎಷ್ಟು ಪಳಗಿರಬೇಕು ಗೊತ್ತಾ? ಆ ಮೇಕಪ್ಪಿನವಳು ಸಿಕ್ಕರೆ ಅವಳ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ.

ತಾಯಿಯ ಪಾತ್ರದವಳೂ ಕಡಿಮೆಯೇನಲ್ಲ. ಮಗಳ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಗುತ್ತದೆ. ಆದರೂ ‘ಚೆನ್ನಾಗಿ ಕಾಣ್ತಿದ್ದೀಯ ಕಣೇ’ ಅಂತ ಹೇಳಿ, ಊಟ ಮುಗಿಸಿ, ಸಂಜೆಯ ರೈಲು ಹತ್ತುತ್ತಾಳೆ. ಮಗಳ ಮನಸ್ಸು ನೋಯಿಸದೆ ಹೋದ ದೊಡ್ಡ ತಾಯಿ ಎಂದು ಬರೆದಿದ್ದೀಯ. ನಟನೆಗೆ ನಾನೂ ಚಪ್ಪಾಳೆ ತಟ್ಟಿದೆ. ಆ ರೈಲು ಹತ್ತಿದ್ದು ಮಾತ್ರ ನನ್ನ ಮನಸ್ಸಿಗೆ ಒಪ್ಪಲಿಲ್ಲ.

ಅಂತೂ ಎರಡನೆಯದೇ ಮೇಲು. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ಸದಾ ನಿನ್ನದೇ ಚಿಂತೆಯ,
ಅಮ್ಮ

ಮರೆತಿದ್ದೆ: ಫೋಟೋದಲ್ಲಿ ನಿನ್ನ ಕೆನ್ನೆಯ ಬಣ್ಣ ಎರಡೂ ಕಡೆ ಸಮನಾಗಿದೆ, ಅಂಚನ್ನು ಕಿವಿಯವರೆಗೆ ತೀಡಿದ್ದೀಯ. ಚಿಕ್ಕವಳಿದ್ದಾಗ ಮೇಕಪ್ ಕೋಣೆಯಲ್ಲಿ ನನ್ನ ಪಕ್ಕ ಕೂತು ನೋಡಿಯೇ ಕಲಿತದ್ದು. ಬೇರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ಮದುವೆಯ ದಿನ ಕೂಡ ನನ್ನ ಬ್ರಷ್ ಮುಖದ ಹತ್ತಿರ ಬಂದರೆ ಸಿಡುಕಿದವಳು ನೀನು. ಗುರುವಾರ ಬರುತ್ತೇನೆ. ಬಟ್ಟೆಯ ದೊಡ್ಡ ಪೆಟ್ಟಿಗೆಯನ್ನೇ ತರುತ್ತಿದ್ದೇನೆ, ವಾಪಸ್ ಟಿಕೆಟ್ ತೆಗೆಸಿಲ್ಲ. ಮುಖ ತೊಳೆದುಕೊಂಡು ಬಾಗಿಲು ತೆಗೆ.