ಕೆಳಗಿನ ಆರು ಮನೆಗಳಿಗೆ ಹೋದ ಬೆರಣಿ

ಹಾ ರಾಮೊಟ್ಸೆ, ಮೊಖೊಟ್ಲೊಂಗ್ ಬೆಟ್ಟ
ಜುಲೈ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಹೆಬ್ಬೆರಳು ಹೇಗಿದೆ? ಯಂತ್ರದ ಸೂಜಿ ಉಗುರಿನೊಳಗೇ ಹೋಯಿತು ಎಂದು ಬರೆದಿದ್ದೆ. ಆ ಮೇಲ್ವಿಚಾರಕ ಎರಡು ದಿನವಾದರೂ ರಜೆ ಕೊಟ್ಟನೇ, ಅಥವಾ ಬಟ್ಟೆ ಸುತ್ತಿಕೊಂಡೇ ಜೀನ್ಸ್ ಹೊಲಿಯುತ್ತಿದ್ದೀಯಾ? ಕೊಡದಿದ್ದರೆ ಸುಮ್ಮನಿರಬೇಡ, ಸಂಘದವರ ಹತ್ತಿರ ಹೋಗು. ನೀನು ಸಕ್ಕರೆ, ಸೋಪು ಸುತ್ತಿ ಕಳಿಸುವ ಸಂಘದ ಕರಪತ್ರಗಳಲ್ಲೇ ಅದೆಲ್ಲ ಅಚ್ಚಾಗಿದೆ. ನೀನು ಅವನ್ನು ಪೊಟ್ಟಣ ಕಟ್ಟಲು ಬಳಸುತ್ತೀಯ, ನಾನು ಸಕ್ಕರೆ ಕೊಡವಿ ಓದುತ್ತೇನೆ. ಜುಲೈ ಚಳಿ ಕೆಳಗೆ ನಿನ್ನ ಮಸೇರು ಪಟ್ಟಣದಲ್ಲೂ ಜೋರಿದೆಯಂತೆ. ಒಂದೇ ಕೋಣೆಯಲ್ಲಿ ನೀವು ನಾಲ್ಕು ಜನ ಮಲಗುವುದರಿಂದ ಇರುವ ಲಾಭ ಅದೊಂದೇ ಇರಬೇಕು, ಬೆಚ್ಚಗಿರುತ್ತದೆ. ಅಜ್ಜಿ ಚೆನ್ನಾಗಿದ್ದಾಳೆ ಎಂದು ಬರೆಯಲು ಕೂತೆ, ಆದರೆ ಅದು ಸುಳ್ಳಾಗುತ್ತದೆ. ಊಟ ಮಾಡುತ್ತಾಳೆ, ಬೈಯುತ್ತಾಳೆ, ಆದರೆ ಕೆಮ್ಮು ಎದೆಗೆ ಇಳಿದಿದೆ. ಹೋದ ಚಳಿಗಾಲದಲ್ಲಿ ಕ್ಲಿನಿಕ್ಕಿನ ನರ್ಸ್ ಇವಳನ್ನು ಬೆಚ್ಚಗಿಡಿ, ಇಲ್ಲದಿದ್ದರೆ ನನ್ನ ಹತ್ತಿರ ಕರೆತರುವುದೇ ಬೇಡ ಎಂದಿದ್ದಳಲ್ಲ, ಆ ಮಾತೇ ನನ್ನ ತಲೆಯಲ್ಲಿ ತಿರುಗುತ್ತಿದೆ.

ಫೋನ್ ಏಕೆ ಮಾಡಲಿಲ್ಲ ಎಂದು ನೀನು ಗಾಬರಿಯಾಗಿರಬಹುದು. ಹೋದ ಮಂಗಳವಾರದ ಗಾಳಿಗೆ ಕಣಿವೆಯ ಆಚೆ ಹನ್ನೊಂದು ಕಂಬಗಳು ಮಲಗಿವೆ. ಕರೆಂಟು ಹೋಯಿತು, ಟವರೂ ಸತ್ತಿತು. ಅವತ್ತು ಬಿದ್ದ ಹಿಮ ಮೊಣಕಾಲು ಮುಚ್ಚುವಷ್ಟಿತ್ತು, ಈಗ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಗುರುವಾರ ಇನ್ನೊಂದು ಬರುತ್ತದೆ, ಅದು ಇದಕ್ಕಿಂತ ದೊಡ್ಡದು ಎಂದು ರೇಡಿಯೊ ಹೇಳುತ್ತಿದೆ. ಕಂಬ ನೆಡುವವರು ಯಾವಾಗ ಬರುತ್ತಾರೆ ಎಂದು ಮಾತ್ರ ಹೇಳುತ್ತಿಲ್ಲ. ಮೊಹಾಪಿಯ ವ್ಯಾನು ಇವತ್ತು ಹೇಗಾದರೂ ಕೆಳಗಿಳಿಯುತ್ತದಂತೆ, ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ.

ಜೂನ್‌ನಲ್ಲಿ ನೀನು ಬರೆದ ಪಟ್ಟಿಯಲ್ಲಿ ಬಹಳಷ್ಟು ಮಾಡಿದ್ದೇನೆ. ಆ ಕಾಗದವನ್ನು ಅಜ್ಜಿ ನನ್ನಿಂದ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಾಳೆ. ನಾನು ಒಂದು ಮರೆತರೆ ಮೂಲೆಯಿಂದ ಅವಳ ದನಿ ಬರುತ್ತದೆ, "ಬೆಂಕಿಪೊಟ್ಟಣ ಹಿಟ್ಟಿನ ಡಬ್ಬದೊಳಗೆ ಇಡು ಅಂತ ಬರ್ದಿದ್ದಳಲ್ಲ, ಇಟ್ಟೆಯಾ?" ಇಟ್ಟೆ. ಒಂದು ತಿಂಗಳಿಗಾಗುವಷ್ಟು ಜೋಳ ಬೀಸಿಸಿದೆ. ಎರಡು ಪೀಪಾಯಿ ನೀರು ತುಂಬಿ ಒಳಗೆ ಇಟ್ಟೆ, ನಲ್ಲಿಯ ಬಾಯಿಗೆ ಚಿಂದಿ ಸುತ್ತಿದೆ. ಕೋಳಿಗಳು ಮಂಚದ ಕೆಳಗಿವೆ, ಅವುಗಳ ಜೊತೆ ಬದುಕುವುದು ಹೇಗಿರುತ್ತದೆಂದು ಬರೆಯುವುದಿಲ್ಲ. ಅಜ್ಜಿಯ ರಕ್ತದೊತ್ತಡದ ಮಾತ್ರೆ ಆಗಸ್ಟ್‌ವರೆಗೆ ಇದೆ. ತಗಡಿನ ಮನೆಯ ಮೇಲಿನ ಕಲ್ಲುಗಳ ಜೊತೆಗೆ ಎರಡು ಹಳೇ ಟೈರುಗಳನ್ನೂ ತಂತಿ ಕಟ್ಟಿ ಹೇರಿದೆ. ನಾನೇ ಹತ್ತಿದೆ. ಅಜ್ಜಿ ಕಂಬಳಿ ಹೊದ್ದು ಕೆಳಗೆ ನಿಂತು, "ಹೆಣ್ಣುಮಗಳು ಮನೆ ಮೇಲೆ ಹತ್ತಿದ್ದೂ ನೋಡಿದ ಹಾಗಾಯ್ತು, ಇನ್ನು ನಾನು ಹೊರಡಬಹುದು" ಎಂದಳು. ಹೊರಡುವ ಮಾತು ಆಡಬೇಡ ಎಂದು ನಾನು ಮೇಲಿನಿಂದಲೇ ರೇಗಿದೆ. ಒಂದು ಕಲ್ಲು ಜಾರಿ ಅವಳ ಹತ್ತಿರವೇ ಬಿತ್ತು. "ಹಾಗಂತ ತಳ್ಳೋದಾ?" ಎಂದು ನಗುತ್ತಾ ಕೆಮ್ಮಿದಳು, ಕೆಮ್ಮುತ್ತಲೇ ಇದ್ದಳು.

ಪಟ್ಟಿಯಲ್ಲಿ ನೀನು ಮೊದಲು ಬರೆದದ್ದನ್ನು ನಾನು ಮಾಡಿಲ್ಲ. ಬೆರಣಿಯ ಒಟ್ಟಿಲನ್ನು ಹಿಮ ತಾಗದಂತೆ ದುಂಡುಮನೆಯೊಳಗೆ ಸೇರಿಸು ಎಂದಿದ್ದೆ. ಸೇರಿಸಲು ಒಟ್ಟಿಲು ಇರಲಿಲ್ಲ, ಅಮ್ಮಾ. ಏಪ್ರಿಲ್‌ನಲ್ಲೇ ಅದನ್ನು ಕೊಟ್ಟುಬಿಟ್ಟಿದ್ದೆ. ನಿನಗೆ ಬರೆಯಬೇಕಿತ್ತು, ಬರೆಯಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ಖರ್ಚಿಗೆ ಹಸುಗಳು ಹೋದವು, ದೊಡ್ಡಿಯ ನೆಲದಲ್ಲಿ ಅವು ತುಳಿದು ಗಟ್ಟಿಮಾಡಿದ ಸಗಣಿಯನ್ನು ನೀನೇ ಗುದ್ದಲಿ ಹಿಡಿದು ಇಟ್ಟಿಗೆ ಇಟ್ಟಿಗೆಯಾಗಿ ಕಡಿದು, ಒಣಗಿಸಿ, ಎದೆಮಟ್ಟದ ಗೋಡೆಯಂತೆ ಪೇರಿಸಿ ಕಾರ್ಖಾನೆಗೆ ಹೋದೆ. ಈಗ ದೊಡ್ಡಿಯಲ್ಲಿ ಕಲ್ಲುನೆಲ ಕಾಣುತ್ತದೆ. ಇನ್ನೊಂದು ಒಟ್ಟಿಲು ಅಲ್ಲಿ ಹುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ.

ಏಕೆ ಎಂದು ಕೇಳು. ಊರಿಗೆ ಮೊದಲು ಕರೆಂಟು ತಂದಾಗ ಕಂಬ ನೆಡುವವರು ನಮ್ಮ ಮನೆಯವರೆಗೆ ಬಂದು ನಿಲ್ಲಿಸಿಬಿಟ್ಟರು. ಕೆಳಗಿನ ಆರು ಮನೆಗಳಿಗೆ ತಮ್ಮ ನಕ್ಷೆಯಲ್ಲಿ ಕಂಬ ಇಲ್ಲ ಎಂದರು. ನಾನು ಊರ ಮುಖ್ಯಸ್ಥರ ಅಂಗಳದ ಸಭೆಯಲ್ಲಿ ಎದ್ದು ನಿಂತು, ಬೆಳಕು ಭಿಕ್ಷೆಯಲ್ಲ, ಅರ್ಧ ಊರಿಗೆ ಕೊಟ್ಟು ಅರ್ಧ ಊರನ್ನು ಕತ್ತಲಲ್ಲಿಡುವುದು ಕೊಟ್ಟ ಹಾಗಲ್ಲ ಎಂದೆ. ಕರೆಂಟು ಬಂದವರು ತಮ್ಮ ಬೆರಣಿಯನ್ನು ಬಾರದವರಿಗೆ ಕೊಡಬೇಕು ಎಂದೆ. ಮುಖ್ಯಸ್ಥರು, "ಮಗಳೇ, ನಿನ್ನ ಮಾತಿಗೇ ಒಂದು ಹಂಡೆ ನೀರು ಕಾಯುತ್ತೆ" ಎಂದರು, ಎಲ್ಲರೂ ನಕ್ಕರು, ಯಾರೂ ಕೊಡಲಿಲ್ಲ. ಅದಕ್ಕೇ ನಾನು ಕೊಟ್ಟೆ. ನಮಗೆ ತಗಡಿನ ಮನೆಯಲ್ಲಿ ಕರೆಂಟ್ ಒಲೆ ಬಂದಿತ್ತು, ಹೀಟರ್ ಬಂದಿತ್ತು, ಅಜ್ಜಿಯನ್ನೂ ಅಲ್ಲಿಗೆ ಸಾಗಿಸಿದ್ದೆ. ಸಗಣಿ ಹೊರುವುದು, ಹೊಗೆ ಕುಡಿಯುವುದು ಹೆಣ್ಣಿನ ಹಣೆಯಲ್ಲಿ ಯಾರೂ ಬರೆದದ್ದಲ್ಲ ಎಂದು ನಾನೇ ಅವಳಿಗೆ ಹೇಳಿದ್ದೆ. ಆ ಮಾತು ಈಗಲೂ ಸರಿ. ಕೆಳಮನೆಗಳಿಂದ ಮಾಪಿಟ್ಸೊ ದೊಡ್ಡಮ್ಮ ಮೂರು ಕತ್ತೆ ಹೊಡೆದುಕೊಂಡು ಬಂದಳು. ಇದು ದಾನವಲ್ಲ, ನಿಮ್ಮ ಹಕ್ಕು ಎಂದು ನಾನು ಶುರುಮಾಡಿದೆ. "ಭಾಷಣ ಆಮೇಲೆ ಕೇಳ್ತೀನಿ, ಈಗ ಈ ಕಡೆ ಎತ್ತಿ ಹಾಕು, ಕತ್ತೆ ನಿಲ್ಲಲ್ಲ" ಎಂದಳು. ಸಂಜೆಯೊಳಗೆ ಗೋಡೆ ಕರಗಿತು. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅವತ್ತು ಅವಳು ಬೈದಿದ್ದರೆ ಒಳ್ಳೆಯದಿತ್ತು.

ಈಗ ತಗಡಿನ ಮನೆ ಮಂಜುಗಡ್ಡೆಯ ಪೆಟ್ಟಿಗೆ. ಕರೆಂಟು ಹೋದ ದಿನವೇ ನಾವು ಹಳೇ ದುಂಡುಮನೆಗೆ ವಾಪಸು ಬಂದೆವು. ಹುಲ್ಲಿನ ಚಾವಣಿ, ದಪ್ಪ ಗೋಡೆ, ಬೆಂಕಿ ಇದ್ದರೆ ಇದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಬೆಂಕಿ ಇರಬೇಕಷ್ಟೆ. ಹಿಮದಡಿಯಿಂದ ಕುರುಚಲು ಗಿಡ ಕಿತ್ತು ತರುತ್ತೇನೆ. ಹಸಿಯಾದ್ದರಿಂದ ಹೊಗೆ ಜಾಸ್ತಿ, ಬಿಸಿ ಕಡಿಮೆ, ಆ ಹೊಗೆಯೂ ಅಜ್ಜಿಯ ಎದೆಗೇ ಹೋಗುತ್ತದೆ. ಸೀಮೆಎಣ್ಣೆ ಒಂದು ಬಾಟಲಿ ಉಳಿದಿದೆ. ಪಕ್ಕದ ಮನೆಯವರು ಒಂದು ಬುಟ್ಟಿ ಬೆರಣಿ ಕೊಟ್ಟರು. ಅವರಿಗೆ ಆರು ಮಕ್ಕಳು, ಇನ್ನೊಂದು ಬುಟ್ಟಿ ಕೇಳಲು ಮನಸ್ಸು ಬರಲಿಲ್ಲ. ಇರುವುದನ್ನೆಲ್ಲ ಸುಟ್ಟರೆ ಗುರುವಾರದವರೆಗೆ ಸಾಕು. ಹಿಮ ಶುರುವಾಗುವುದು ಗುರುವಾರ.

ಕೆಳಮನೆಗಳಲ್ಲಿ ಬೆಂಕಿ ಇದೆ. ಅದು ನನಗೆ ಹೇಗೆ ಗೊತ್ತು ಎಂದರೆ ಭಾನುವಾರ ನಾನು ಹೋಗಿದ್ದೆ. ಕೇಳಲೆಂದೇ ಹೋದೆ. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ ಆ ಆರು ಮನೆಗಳಿಗೂ ಕಂಬ ಬೇಕೆಂದು ನಾನು ಬರೆದಿಟ್ಟಿದ್ದ ಅರ್ಜಿಯನ್ನೂ ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿಯನ್ನೂ ಹಿಡಿದುಕೊಂಡೆ. ಮಾಪಿಟ್ಸೊ ದೊಡ್ಡಮ್ಮನ ಮನೆಯ ನಡುವೆ ನಮ್ಮ ಬೆರಣಿ ಕೆಂಪಗೆ ಉರಿಯುತ್ತಿತ್ತು. ನನ್ನನ್ನು ಅದರ ಹತ್ತಿರವೇ ಕೂರಿಸಿ, ಮುದ್ದೆ, ಸೊಪ್ಪು ಇಟ್ಟಳು. ಅಜ್ಜಿ ಹೇಗಿದ್ದಾಳೆ ಎಂದು ಕೇಳಿದಳು. ನಾನು ಪರವಾಗಿಲ್ಲ ಎಂದೆ. ಅಮ್ಮಾ, ಬಾಯಿಂದ ಅದೇ ಬಂತು. ಆಮೇಲೆ ಆರೂ ಮನೆಗಳವರ ಹೆಬ್ಬೆಟ್ಟು ಒತ್ತಿಸಿಕೊಂಡು, ಕಂಬಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಿ, ಬೆಟ್ಟ ಹತ್ತಿ ಬಂದೆ. ಒಳಗೆ ಕಾಲಿಡುತ್ತಲೇ ಅಜ್ಜಿ ನನ್ನ ಕಂಬಳಿಯ ಅಂಚು ಹಿಡಿದು ಮೂಸಿದಳು.

"ಬೆರಣಿ ಹೊಗೆ. ಎಲ್ಲಿ ಕಾಯಿಸ್ಕೊಂಡು ಬಂದೆ?"

ಹೇಳಿದೆ.

"ಕೇಳಿದೆಯಾ?"

ಇಲ್ಲ ಎಂದೆ.

"ಅದೇ ನೋಡು. ನೀನು ಕೇಳಲ್ಲ, ನಾನು ಹೋಗಲ್ಲ. ಕೊಟ್ಟವರು ತಗೊಂಡವರ ಮನೇಲಿ ಹೋಗಿ ಕೂತ್ರೆ ವಸೂಲಿಗೆ ಬಂದ್ರು ಅನ್ಕೋತಾರೆ. ಪಾಪ, ಮಾಪಿಟ್ಸೊ ಎಲ್ಲಿಂದ ತಂದು ವಾಪಸ್ ಕೊಡ್ತಾಳೆ, ಅರ್ಧ ಉರಿದು ಹೋಗಿದೆ."

ಅದು ಸಾಲವಲ್ಲ, ಹಂಚಿಕೊಂಡದ್ದು, ಹಂಚಿಕೊಂಡವರ ನಡುವೆ ವಸೂಲಿ ಎಂಬ ಮಾತೇ ಇಲ್ಲ ಎಂದು ನಾನು ವಾದಿಸಿದೆ. "ಹಾಗಾದ್ರೆ ನಿನ್ನ ಬಾಯಿ ಯಾಕೆ ಕಟ್ಟಿತ್ತು?" ಎಂದಳು. ಅದಕ್ಕೆ ಉತ್ತರವನ್ನು ಎರಡು ದಿನದಿಂದ ಹುಡುಕುತ್ತಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ, ಗಿಡ ಕೀಳಲು ಹೋಗಿ ಅರ್ಧಕ್ಕೇ ವಾಪಸು ಬರುತ್ತೇನೆ. ಕೊಡುವಾಗ ನಾನು ಕೆಳಮನೆಯವರ ಜೊತೆ ನಿಂತಿದ್ದೇನೆ ಎಂದುಕೊಂಡಿದ್ದೆ. ನಿಂತಿದ್ದದ್ದು ಅವರಿಗಿಂತ ಒಂದು ಮೆಟ್ಟಿಲು ಮೇಲೆ, ಅಲ್ಲಿಂದ ಇಳಿಯಲು ಈಗ ಕಾಲು ಬರುತ್ತಿಲ್ಲ. ಯಾವ ಕರಪತ್ರದಲ್ಲೂ ಇದಕ್ಕೆ ಒಂದು ಸಾಲು ಇಲ್ಲ. ಇದ್ದರೆ ನಿನ್ನ ಮುಂದಿನ ಪೊಟ್ಟಣಕ್ಕೆ ಅದನ್ನೇ ಸುತ್ತು.

ನೀನು ರಜೆ ಹಾಕಿ ಹೊರಡಬೇಡ. ಕಣಿವೆ ದಾಟುವಷ್ಟರಲ್ಲಿ ದಾರಿ ಮುಚ್ಚಿರುತ್ತದೆ, ನೀನು ಎಲ್ಲೋ ನಡುವೆ ಸಿಕ್ಕಿಕೊಂಡರೆ ನನಗೆ ಇಬ್ಬರ ಚಿಂತೆ. ನಾಳೆ ಹೋಗಿ ಕೇಳುತ್ತೇನೆ. ಅರ್ಜಿ ಹಿಡಿದುಕೊಳ್ಳದೆ ಹೋಗುತ್ತೇನೆ. ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ಬೆರಳಿಗೆ ಕುರಿಯ ಕೊಬ್ಬು ಸವರಿಕೊಳ್ಳಬೇಕಂತೆ. ಕೋಣೆಯ ಗೆಳತಿಯರಿಗೆಲ್ಲ ನನ್ನ ನೆನಪು ತಿಳಿಸು. ಒಟ್ಟಿಲಿನ ವಿಷಯಕ್ಕೆ ನೀನು ಎಷ್ಟು ಬೈದರೂ ಕೇಳುತ್ತೇನೆ, ಆದರೆ ಎದುರಿಗೆ ಕೂತು ಬೈಯಬೇಕು.

ನಿನ್ನ ಮಗಳು,
ನ್ಯಾಕಲ್ಲೊ

ಮತ್ತೆ, ಬುಧವಾರ ಬೆಳಿಗ್ಗೆ: ದಾರಿಯ ಮಂಜುಗಡ್ಡೆಗೆ ಹೆದರಿ ಮೊಹಾಪಿ ನಿನ್ನೆ ಹೊರಡಲಿಲ್ಲ, ಈಗ ಹೊರಟಿದ್ದಾನೆ, ನನಗೆ ಹತ್ತು ನಿಮಿಷ ಕೊಟ್ಟಿದ್ದಾನೆ. ನಿನ್ನೆ ಈ ಕಾಗದ ಮುಗಿಸಿದವಳು ನಾಳೆಯವರೆಗೆ ಕಾಯಲಾರದೆ ಆಗಲೇ ಕೆಳಗಿಳಿದು ಹೋದೆ. ಬಾಗಿಲಲ್ಲೇ ನಿಂತು, ಅಜ್ಜಿಗೆ ಚಳಿ, ನಮ್ಮ ಹತ್ತಿರ ಉರುವಲಿಲ್ಲ ಎಂದೆ. ಮಾಪಿಟ್ಸೊ ದೊಡ್ಡಮ್ಮ ಸೌಟು ಕೆಳಗಿಟ್ಟಳು. "ಭಾನುವಾರ ಇಲ್ಲೇ ಕೂತು ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡೆ. ಅದಕ್ಕೆ ಬಾಯಿತ್ತು, ಇದಕ್ಕಿರಲಿಲ್ವಾ? ನನ್ನನ್ನ ಏನಂತ ತಿಳ್ಕೊಂಡಿದ್ದೀಯೆ?" ಎಂದಳು. ಅವಳಿಗೆ ನಿಜವಾಗಿಯೂ ನೋವಾಗಿತ್ತು, ಅಮ್ಮಾ. ಆಮೇಲೆ, ಹೊತ್ತು ತರುವಷ್ಟು ಬೆರಣಿ ಉಳಿದಿಲ್ಲ, ಒಂದು ಬೆಂಕಿಗೆ ಸಾಕು, ಅಜ್ಜಿಯೂ ನೀನೂ ಇಲ್ಲಿಗೇ ಬನ್ನಿ, ಹಿಮ ಹೋಗುವವರೆಗೆ ಇರಿ ಎಂದಳು. ಬೆಳಿಗ್ಗೆ ಕುದುರೆ ಕಳಿಸುತ್ತೇನೆ ಎಂದಳು.

ಅಜ್ಜಿ ಒಪ್ಪಲಿಲ್ಲ. ಅವರಾಗಿ ಕರೆದದ್ದಲ್ಲ, ನೀನು ಹೋಗಿ ಕೇಳಿ ಕರೆಸಿಕೊಂಡದ್ದು, ನಾನು ಹೋಗುವುದಿಲ್ಲ ಎಂದಳು. ಅದಕ್ಕೆ ನಾನು ಒಂದು ಕೆಲಸ ಮಾಡಿದ್ದೇನೆ. ನಿನ್ನ ಜೂನ್ ಕಾಗದ ತೆಗೆದು, ಕೊನೆಯಲ್ಲಿ ಇನ್ನೊಂದು ಸಾಲಿದೆ, ಮೊದಲು ಓದಲು ಬಿಟ್ಟುಹೋಗಿತ್ತು ಎಂದು ಹೇಳಿ, ಇಲ್ಲದ ಸಾಲನ್ನು ಓದಿದೆ. ಅಜ್ಜಿ ಕಾಗದದ ಕಡೆ ಬಗ್ಗಿದಳು. "ಎಲ್ಲಿದೆ, ಬೆರಳಿಟ್ಟು ತೋರಿಸು" ಎಂದಳು. ಮಾತ್ರೆಯ ಸಾಲಿನ ಮೇಲೆ ಬೆರಳಿಟ್ಟೆ. ನನ್ನ ಬೆರಳು ಸರಿಸಿ ತನ್ನದನ್ನು ಅಲ್ಲಿಟ್ಟಳು. "ಸೊಸೆ ಹೇಳಿದ ಮೇಲೆ ಮುಗೀತಲ್ಲ. ಅವಳ ಮಾತು ಮೀರೋಕಾಗುತ್ತಾ" ಎಂದಳು, ಇಪ್ಪತ್ತು ವರ್ಷದಲ್ಲಿ ನಿನ್ನ ಒಂದು ಮಾತೂ ಕೇಳದವಳು. ಆಮೇಲೆ ತನ್ನ ಒಳ್ಳೆಯ ಕಂಬಳಿ ಕೇಳಿದಳು.

ಕುದುರೆ ಬಾಗಿಲಿಗೆ ಬಂದಿದೆ. ನೀನು ಬಂದಾಗ ಅಜ್ಜಿ ನಿನ್ನನ್ನು ಕೇಳಬಹುದು, ಕೇಳದೆಯೂ ಇರಬಹುದು. ಕೇಳಿದರೆ ತಡವರಿಸಬೇಡ, ಆ ಸಾಲು ನೀನೇ ಬರೆದದ್ದು. ಅದು ಹೀಗಿದೆ, ಬಾಯಿಪಾಠ ಮಾಡಿಕೋ: "ಅತ್ತೇ, ಹಿಮ ಬೀಳುವ ದಿನಗಳಲ್ಲಿ ದಯವಿಟ್ಟು ಮಾಪಿಟ್ಸೊಳ ಮನೆಯಲ್ಲಿರಿ. ನಾನು ದೂರದಲ್ಲಿದ್ದೇನೆ, ನನಗೆ ಬೇರೆ ದಾರಿಯಿಲ್ಲ, ಕೇಳಿಕೊಳ್ಳುತ್ತಿದ್ದೇನೆ."